ಮಗು ಈ ಟರ್ಮ್‌ನಲ್ಲಿ ಏನು ಕಲಿಯುತ್ತಿದೆ? ಐದರಿಂದ ಏಳನೇ ತರಗತಿ ಮಕ್ಕಳ ಪೋಷಕರಿಗೆ ಸಮಗ್ರ ಮಾರ್ಗದರ್ಶಿ

ನಾಲ್ಕನೇ ತರಗತಿಯವರೆಗೆ ಸಲೀಸಾಗಿ ಓದುತ್ತಿದ್ದ ಮಗು ಐದಕ್ಕೋ ಆರಕ್ಕೋ ಬಂದ ಮೇಲೆ ತಡವರಿಸಲು ಶುರು ಮಾಡುತ್ತದೆ. "ಈಗೀಗ ಗಮನವೇ ಇಲ್ಲ" ಅಂತ ಮನೆಯಲ್ಲಿ ಎಲ್ಲರೂ ಅಂದುಕೊಳ್ಳುತ್ತಾರೆ. ಬಹಳ ಸಲ ಕಾರಣ ಅದಲ್ಲ. ಪಾಠಗಳ ಸ್ವಭಾವವೇ ಬದಲಾಗಿರುತ್ತದೆ. ಚಿಕ್ಕ ತರಗತಿಯಲ್ಲಿ ಎಣಿಸಿದರೆ ಉತ್ತರ ಸಿಗುತ್ತಿತ್ತು, ಈಗ ಎರಡು ಸಂಖ್ಯೆಗಳ ನಡುವಿನ ಸಂಬಂಧ ನೋಡಬೇಕು. ಆಗ ಎಲೆ, ಹಕ್ಕಿ, ಮಳೆಯ ಪಾಠ ಇತ್ತು. ಈಗ ಕಣ್ಣಿಗೆ ಕಾಣದ ವಿದ್ಯುತ್ತು, ಕೈಗೆಟುಕದ ಗ್ರಹಗಳು, ಸಾವಿರಾರು ವರ್ಷ ಹಿಂದಿನ ಕಾಲ.

ಹೀಗಾಗಿ ಈ ವಯಸ್ಸಿನಲ್ಲಿ ಪೋಷಕರ ಕೆಲಸವೂ ಬೇರೆಯಾಗುತ್ತದೆ. ಪಾಠವನ್ನು ಇನ್ನೊಮ್ಮೆ ಹೇಳಿಕೊಡುವುದು ಮುಖ್ಯವಲ್ಲ, ಅದಕ್ಕೆ ಟೀಚರ್ ಇದ್ದಾರೆ. ಮಗುವಿಗೆ ಎಲ್ಲಿ ಅರ್ಥವಾಗಿದೆ, ಎಲ್ಲಿ ಬರೀ ಬಾಯಿಪಾಠವಾಗಿದೆ ಅನ್ನುವುದನ್ನು ಹೊರಗೆ ತರುವುದು ಮುಖ್ಯ. ನಲವತ್ತು ಮಕ್ಕಳ ತರಗತಿಯಲ್ಲಿ ಅದಕ್ಕೆ ಸಮಯ ಸಾಲುವುದಿಲ್ಲ. ಮನೆಯಲ್ಲಿ ಸಾಲುತ್ತದೆ. ಕೆಳಗಿನ ಹೆಜ್ಜೆಗಳೆಲ್ಲ ಇದೊಂದೇ ಉದ್ದೇಶಕ್ಕೆ. ಗಣಿತಕ್ಕೆ, ಅದರಲ್ಲೂ ಭಿನ್ನರಾಶಿಗೆ, ನಾನು ಬೇಕೆಂದೇ ಜಾಸ್ತಿ ಜಾಗ ಕೊಟ್ಟಿದ್ದೇನೆ. ಈ ವಯಸ್ಸಿನಲ್ಲಿ ಜಾಸ್ತಿ ಮಕ್ಕಳು ಸಿಕ್ಕಿಬೀಳುವುದು ಅಲ್ಲೇ.

ಹೆಜ್ಜೆ 1: ಟರ್ಮ್‌ನ ಪಾಠಗಳನ್ನು ಒಂದು ಹಾಳೆಯಲ್ಲಿ ಇಳಿಸಿಕೊಳ್ಳಿ

ಟರ್ಮ್ ಶುರುವಾದ ಮೊದಲ ವಾರದಲ್ಲೇ ಮಗುವಿನ ಜೊತೆ ಕುಳಿತು ಎಲ್ಲ ಪಠ್ಯಪುಸ್ತಕಗಳ ಪರಿವಿಡಿ ತೆಗೆಯಿರಿ. ಈ ಟರ್ಮ್‌ಗೆ ಬರುವ ಪಾಠಗಳ ಹೆಸರನ್ನು ಒಂದೇ ಹಾಳೆಯಲ್ಲಿ ಬರೆಯಿರಿ. ಬರೆಯುವುದು ಮಗುವೇ ಆಗಿರಲಿ. ಪ್ರತಿ ಪಾಠದ ಮುಂದೆ ಮಗುವಿನ ಕೈಯಲ್ಲೇ ಒಂದು ಗುರುತು ಹಾಕಿಸಿ: "ಇದು ನನಗೆ ಸ್ವಲ್ಪ ಗೊತ್ತು", "ಇದು ಹೊಸದು", "ಇದು ಹೋದ ವರ್ಷವೂ ಕಷ್ಟ ಆಗಿತ್ತು". ಮೂರನೇ ಗುರುತು ಬಿದ್ದ ಪಾಠಗಳ ಮೇಲೆ ನಿಮ್ಮ ಕಣ್ಣಿರಲಿ. ಹೋದ ವರ್ಷ ಅರ್ಧಕ್ಕೆ ಬಿಟ್ಟಿದ್ದು ಈ ವರ್ಷ ಎರಡರಷ್ಟು ಕಾಡುತ್ತದೆ.

ಹಾಳೆಯನ್ನು ಓದುವ ಮೇಜಿನ ಎದುರು ಅಂಟಿಸಿ. ತರಗತಿಯಲ್ಲಿ ಒಂದು ಪಾಠ ಮುಗಿದಾಗ ದಿನಾಂಕ ಬರೆಯಲಿ. ದಿನಾಂಕ ಇದ್ದರೆ ಯಾವ ಪಾಠವನ್ನು ಯಾವಾಗ ಮತ್ತೆ ನೋಡಬೇಕು ಅಂತ ತಿಳಿಯುತ್ತದೆ. ಅದರ ವಿಚಾರ ಮುಂದೆ ಹೇಳುತ್ತೇನೆ.

ಹೆಜ್ಜೆ 2: ಕೇಳುವ ಪ್ರಶ್ನೆ ಬದಲಾಯಿಸಿ

"ಇವತ್ತು ಏನು ಕಲಿತೆ?" ಅಂದರೆ "ಏನೂ ಇಲ್ಲ" ಅನ್ನುವ ಉತ್ತರ ಬರುತ್ತದೆ. ಮಗು ಸುಳ್ಳು ಹೇಳುತ್ತಿಲ್ಲ. ಆರು ತಾಸಿನ ಶಾಲೆಯನ್ನು ಒಂದು ವಾಕ್ಯದಲ್ಲಿ ಹೇಳು ಅಂದರೆ ದೊಡ್ಡವರಿಗೂ ಆಗುವುದಿಲ್ಲ, ಅಲ್ವಾ? ಪ್ರಶ್ನೆ ಚಿಕ್ಕದಾಗಿರಲಿ, ಒಂದು ಕಡೆ ಬೆರಳಿಟ್ಟು ತೋರಿಸುವಂತಿರಲಿ. "ಇವತ್ತು ಬೋರ್ಡಿನ ಮೇಲೆ ಯಾವ ಚಿತ್ರ ಬರೆದರು?" "ನಿನ್ನ ಪಕ್ಕದವನಿಗೆ ಯಾವ ಲೆಕ್ಕ ಬರಲಿಲ್ಲ?" "ಟೀಚರ್ ಕೇಳಿದ ಪ್ರಶ್ನೆಯಲ್ಲಿ ಯಾರಿಗೂ ಉತ್ತರ ಬರದ್ದು ಯಾವುದು?" ಇಂಥ ಪ್ರಶ್ನೆಗೆ ಮಾತು ತಾನಾಗಿ ಬರುತ್ತದೆ.

ಮಗು ಏನೇ ಹೇಳಲಿ, ಎರಡನೇ ಪ್ರಶ್ನೆ ಯಾವಾಗಲೂ ಒಂದೇ: "ಅದು ಹೇಗೆ ಗೊತ್ತಾಯ್ತು?" ಉತ್ತರ ಸರಿಯಿದ್ದಾಗಲೂ ಇದನ್ನು ಕೇಳಬೇಕು. ತಪ್ಪಾದಾಗ ಮಾತ್ರ ಕೇಳಿದರೆ, ಈ ಪ್ರಶ್ನೆ ಬಂತೆಂದರೆ ತಾನು ತಪ್ಪು ಮಾಡಿದ್ದೇನೆ ಅಂತ ಮಗು ತಿಳಿದುಕೊಳ್ಳುತ್ತದೆ. ಆಮೇಲೆ ಯೋಚಿಸದೆ ಉತ್ತರ ಬದಲಾಯಿಸಲು ಶುರು ಮಾಡುತ್ತದೆ.

ಹೆಜ್ಜೆ 3: ಭಿನ್ನರಾಶಿಯನ್ನು ಕೈಯಲ್ಲಿ ಹಿಡಿದು ನೋಡಲಿ

ಭಿನ್ನರಾಶಿ ಯಾಕೆ ಇಷ್ಟು ಕಷ್ಟ? ಅಲ್ಲಿಯವರೆಗೆ ಮಗು ಕಲಿತ ನಿಯಮಗಳೆಲ್ಲ ಇಲ್ಲಿ ತಲೆಕೆಳಗಾಗುತ್ತವೆ. ಎಂಟು ನಾಲ್ಕಕ್ಕಿಂತ ದೊಡ್ಡದು, ಆದರೆ 1/8 ಅನ್ನುವುದು 1/4 ಕ್ಕಿಂತ ಚಿಕ್ಕದು. ಗುಣಿಸಿದರೆ ಹೆಚ್ಚಾಗಬೇಕಿತ್ತು, ಇಲ್ಲಿ ಕಡಿಮೆಯಾಗುತ್ತದೆ. ಭಾಗಿಸಿದರೆ ಕಡಿಮೆಯಾಗಬೇಕಿತ್ತು, ಇಲ್ಲಿ ಹೆಚ್ಚಾಗುತ್ತದೆ. ಇಷ್ಟಾದ ಮೇಲೆ ಮಗು ಗಲಿಬಿಲಿಗೊಂಡರೆ ಅದರಲ್ಲಿ ಆಶ್ಚರ್ಯವೇನಿಲ್ಲ. ಆಗ ಅದು ಅರ್ಥ ಹುಡುಕುವುದನ್ನು ಬಿಟ್ಟು ವಿಧಾನವನ್ನು ಬಾಯಿಪಾಠ ಮಾಡುತ್ತದೆ. ಟೆಸ್ಟ್‌ನಲ್ಲಿ ಮಾರ್ಕ್ಸ್ ಬರುತ್ತದೆ, ಎರಡು ತಿಂಗಳಾದ ಮೇಲೆ ಎಲ್ಲ ವಿಧಾನಗಳೂ ಕಲಸಿಹೋಗುತ್ತವೆ.

ಇದಕ್ಕೆ ಬೇಕಾಗಿರುವುದು ಕಾಗದದ ಪಟ್ಟಿಗಳು ಮಾತ್ರ. ಸ್ವಲ್ಪ ದಪ್ಪ ಕಾಗದದಲ್ಲಿ ಸರಿಯಾಗಿ 24 ಸೆಂ.ಮೀ. ಉದ್ದದ ಏಳು ಪಟ್ಟಿಗಳನ್ನು ಕತ್ತರಿಸಿ. 24 ಯಾಕೆಂದರೆ ಅದು 2, 3, 4, 6, 8, 12 ಎಲ್ಲದರಿಂದಲೂ ನಿಶ್ಶೇಷವಾಗಿ ಭಾಗವಾಗುತ್ತದೆ. ಒಂದು ಪಟ್ಟಿ ಇಡಿಯಾಗಿ ಇರಲಿ, ಅದೇ ನಮ್ಮ "ಒಂದು". ಉಳಿದವುಗಳನ್ನು ಮಗುವೇ ಅಳೆದು ಕತ್ತರಿಸಲಿ: ಅರ್ಧ ಅಂದರೆ 12 ಸೆಂ.ಮೀ., ಮೂರನೇ ಒಂದು 8, ಕಾಲು 6, ಆರನೇ ಒಂದು 4, ಎಂಟನೇ ಒಂದು 3, ಹನ್ನೆರಡನೇ ಒಂದು 2. ಪ್ರತಿ ತುಂಡಿನ ಮೇಲೂ ಅದರ ಭಿನ್ನರಾಶಿ ಬರೆಯಲಿ. ಉದ್ದ ಬರೆಯುವುದು ಬೇಡ.

ಅಂಗಡಿಯಲ್ಲಿ ಸಿದ್ಧ ಪಟ್ಟಿಗಳು ಸಿಗಬಹುದು. ಆದರೂ ಕತ್ತರಿಸುವ ಕೆಲಸ ಮಗುವೇ ಮಾಡಲಿ ಅಂತ ನಾನು ಹೇಳುತ್ತೇನೆ. ಜಾಸ್ತಿ ತುಂಡು ಮಾಡಿದಷ್ಟೂ ತುಂಡು ಚಿಕ್ಕದಾಗುತ್ತದೆ ಅನ್ನುವುದು ಕತ್ತರಿಸುವಾಗಲೇ ಕೈಗೆ ತಿಳಿಯುತ್ತದೆ. 1/8 ಮತ್ತು 1/4 ರ ಗೊಂದಲ ಅಲ್ಲಿಗೇ ಅರ್ಧ ಮುಗಿಯುತ್ತದೆ.

ಈಗ ಈ ಕ್ರಮದಲ್ಲಿ ಮುಂದುವರಿಯಿರಿ. ಒಂದೇ ದಿನದಲ್ಲಿ ಎಲ್ಲ ಮಾಡಬೇಡಿ, ದಿನಕ್ಕೆ ಒಂದು ಸಾಕು.

ಮೊದಲು ಸಮಾನ ಭಿನ್ನರಾಶಿ. ಅರ್ಧದ ತುಂಡನ್ನು ಇಟ್ಟು, ಅದರ ಕೆಳಗೆ ಅಷ್ಟೇ ಉದ್ದ ಬರುವಂತೆ ಬೇರೆ ತುಂಡುಗಳನ್ನು ಜೋಡಿಸು ಅನ್ನಿ. ಎರಡು ಕಾಲು, ಮೂರು ಆರನೇ ಒಂದು, ನಾಲ್ಕು ಎಂಟನೇ ಒಂದು, ಆರು ಹನ್ನೆರಡನೇ ಒಂದು. 1/2, 2/4, 3/6, 4/8, 6/12 ಎಲ್ಲವೂ ಒಂದೇ ಜಾಗದಲ್ಲಿ ಮುಗಿಯುತ್ತವೆ. ಮೂರನೇ ಒಂದರ ತುಂಡುಗಳಿಂದ ಅರ್ಧ ಮಾಡಲು ಆಗುತ್ತದಾ ಅಂತಲೂ ಕೇಳಿ. ಆಗುವುದಿಲ್ಲ. ಯಾಕೆ ಅಂತ ಮಗು ಹುಡುಕಲಿ.

ಆಮೇಲೆ ಕೂಡುವುದು. 1/2 ಕ್ಕೆ 1/3 ಕೂಡಿಸು ಅಂದರೆ ಬಹಳ ಮಕ್ಕಳು ಮೇಲಿನದನ್ನು ಮೇಲೆ, ಕೆಳಗಿನದನ್ನು ಕೆಳಗೆ ಕೂಡಿಸಿ 2/5 ಬರೆಯುತ್ತಾರೆ. ಇದು ತಪ್ಪು ಅಂತ ಹೇಳುವ ಬದಲು ಎರಡೂ ತುಂಡುಗಳನ್ನು ಸಾಲಾಗಿ ಇಡಿಸಿ. 12 ಮತ್ತು 8 ಸೇರಿ 20 ಸೆಂ.ಮೀ. ಆಯಿತು. ಇನ್ನು 2/5 ಅಂದರೆ 24 ರಲ್ಲಿ 9.6 ಸೆಂ.ಮೀ. ಅದು ಅರ್ಧಕ್ಕಿಂತಲೂ ಕಡಿಮೆ! ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಆಗುವುದು ಹೇಗೆ? ಈ ಪ್ರಶ್ನೆ ಮಗುವಿನ ತಲೆಯಲ್ಲಿ ಕೂತರೆ ಸಾಕು, ಆ ತಪ್ಪು ಮತ್ತೆ ಬರುವುದು ಅಪರೂಪ. ಈಗ ಆ 20 ಸೆಂ.ಮೀ. ಉದ್ದವನ್ನು ಒಂದೇ ಬಗೆಯ ತುಂಡುಗಳಿಂದ ತುಂಬಲು ಹೇಳಿ. ಆರನೇ ಒಂದರ ತುಂಡು ಐದು ಸರಿಯಾಗಿ ಕೂರುತ್ತವೆ. ಉತ್ತರ 5/6. ಛೇದ (ಭಿನ್ನರಾಶಿಯ ಕೆಳಗಿನ ಸಂಖ್ಯೆ) ಒಂದೇ ಮಾಡಿಕೊಳ್ಳುವುದು, ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ, ಅಂದರೆ LCM) ತೆಗೆಯುವುದು ಯಾಕೆ ಅಂತ ಈಗ ಗೊತ್ತಾಗುತ್ತದೆ. ಎರಡಕ್ಕೂ ಹೊಂದುವ ಒಂದೇ ಅಳತೆಯ ತುಂಡು ಹುಡುಕುವ ದಾರಿ ಅದು, ಅಷ್ಟೇ.

ಹೋಲಿಸುವುದರಲ್ಲಿ ಒಂದು ಒಳ್ಳೆಯ ಅಭ್ಯಾಸ ಕಲಿಸಿ. 3/4 ದೊಡ್ಡದೋ 5/6 ದೊಡ್ಡದೋ? ಲ.ಸಾ.ಅ. ಬೇಡ. ಒಂದು ಪೂರ್ತಿಯಾಗಲು ಎಷ್ಟು ಕಡಿಮೆ ಅಂತ ನೋಡಲಿ. ಒಂದಕ್ಕೆ ಕಾಲು ಕಡಿಮೆ, ಇನ್ನೊಂದಕ್ಕೆ ಆರನೇ ಒಂದು ಮಾತ್ರ ಕಡಿಮೆ. ಕೊರತೆ ಚಿಕ್ಕದಿರುವುದೇ ದೊಡ್ಡದು, ಅಂದರೆ 5/6. ಪಟ್ಟಿಯಲ್ಲಿ ನೋಡಿದರೆ 18 ಮತ್ತು 20 ಸೆಂ.ಮೀ. ಹೀಗೆ ಯೋಚಿಸಲು ಬಂದ ಮಗುವಿಗೆ ಉತ್ತರ ಬರೆದ ಮೇಲೆ "ಇದು ಸರಿಯಿರಬಹುದಾ?" ಅಂತ ತಾನೇ ಪರೀಕ್ಷಿಸಿಕೊಳ್ಳುವುದೂ ಬರುತ್ತದೆ.

ಗುಣಾಕಾರಕ್ಕೆ ಬಂದಾಗ ಗುಣಾಕಾರ ಚಿಹ್ನೆಯನ್ನು "ರಲ್ಲಿ" ಅಂತ ಓದಿಸಿ. 1/2 × 1/3 ಅಂದರೆ ಮೂರನೇ ಒಂದರಲ್ಲಿ ಅರ್ಧ. 8 ಸೆಂ.ಮೀ. ತುಂಡನ್ನು ಮಡಚಿದರೆ 4 ಸೆಂ.ಮೀ., ಅಂದರೆ 1/6. ಗುಣಿಸಿದರೂ ಯಾಕೆ ಕಡಿಮೆಯಾಯಿತು ಅನ್ನುವುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಭಾಗಾಕಾರದಲ್ಲಿ "ತಿರುಗಿಸಿ ಗುಣಿಸು" ಅನ್ನುವ ವಿಧಾನವನ್ನು ಮೊದಲೇ ಹೇಳಬೇಡಿ. ಇದನ್ನು ಸ್ವಲ್ಪ ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಮನೆಯಲ್ಲಿ ದೊಡ್ಡವರು ಮೊದಲು ಹೇಳಿಕೊಡುವುದೇ ಅದನ್ನು. 3/4 ÷ 1/8 ಅಂದರೆ "ಮುಕ್ಕಾಲಿನಲ್ಲಿ ಎಂಟನೇ ಒಂದು ಎಷ್ಟು ಸಲ ಕೂರುತ್ತದೆ?" ಮುಕ್ಕಾಲು ಅಂದರೆ 18 ಸೆಂ.ಮೀ., ಎಂಟನೇ ಒಂದು 3 ಸೆಂ.ಮೀ., ಆರು ಸಲ ಕೂರುತ್ತದೆ. ಉತ್ತರ 6. ಇಂಥ ಹತ್ತಾರು ಲೆಕ್ಕಗಳನ್ನು ಪಟ್ಟಿಯಲ್ಲಿ ಮಾಡಿದ ಮೇಲೆ ತಿರುಗಿಸಿ ಗುಣಿಸಿದರೂ ಅದೇ ಉತ್ತರ ಬರುತ್ತದೆ ಅಂತ ಮಗು ನೋಡಲಿ. ಆಗ ಅದು ಮಂತ್ರವಾಗಿ ಉಳಿಯುವುದಿಲ್ಲ.

ಕೊನೆಗೆ ಒಂದಕ್ಕಿಂತ ದೊಡ್ಡ ಭಿನ್ನರಾಶಿ. ಭಿನ್ನರಾಶಿ ಅಂದರೆ ಯಾವಾಗಲೂ ಒಂದರ ಒಳಗಿನ ತುಂಡು ಅಂತ ನಂಬಿರುವ ಮಕ್ಕಳು ಬಹಳ. ನೆಲದ ಮೇಲೆ ಉದ್ದ ಗೆರೆ ಎಳೆದು ಪ್ರತಿ 24 ಸೆಂ.ಮೀ.ಗೆ 0, 1, 2 ಅಂತ ಗುರುತು ಹಾಕಿ. 5/4 ಎಲ್ಲಿ ಬರುತ್ತದೆ ತೋರಿಸು ಅನ್ನಿ. ಕಾಲಿನ ತುಂಡನ್ನು ಐದು ಸಲ ಇಟ್ಟರೆ ಒಂದನ್ನು ದಾಟಿ ಹೋಗುತ್ತದೆ. ಭಿನ್ನರಾಶಿಯೂ ಗೆರೆಯ ಮೇಲೆ ತನ್ನದೇ ಜಾಗ ಇರುವ ಸಂಖ್ಯೆ ಅಂತ ಮಗುವಿಗೆ ಅನ್ನಿಸುವುದು ಇಲ್ಲಿ.

ಮಗ್ಗಿ ಸರಿಯಾಗಿ ಬಾರದ ಮಗುವಿಗೆ ಇದೆಲ್ಲ ನಿಧಾನವಾಗುತ್ತದೆ. ಲ.ಸಾ.ಅ. ಹುಡುಕುವ ಹೊತ್ತಿಗೆ ಮೂಲ ಲೆಕ್ಕವೇ ಮರೆತಿರುತ್ತದೆ. ಎಲ್ಲ ಮಗ್ಗಿಯನ್ನೂ ಮೊದಲಿನಿಂದ ಹೇಳಿಸಬೇಡಿ. ಮಕ್ಕಳು ಎಡವುವುದು ಸಾಮಾನ್ಯವಾಗಿ 6, 7, 8, 9 ರ ನಡುವಿನ ಕೆಲವೇ ಗುಣಲಬ್ಧಗಳಲ್ಲಿ: 6×7, 6×8, 7×8, 7×9, 8×9 ಇಂಥವು. ಯಾವುದರಲ್ಲಿ ತಡವರಿಸುತ್ತದೋ ಅಷ್ಟನ್ನೇ ಗಟ್ಟಿ ಮಾಡಿಸಿ.

ಹೆಜ್ಜೆ 4: ದಶಮಾಂಶ ಮತ್ತು ಶೇಕಡಾ

ದಶಮಾಂಶದಲ್ಲಿ ಒಂದು ತಪ್ಪು ಎಲ್ಲ ಕಡೆಯೂ ಕಾಣುತ್ತದೆ. 0.45 ಮತ್ತು 0.5 ರಲ್ಲಿ ಯಾವುದು ದೊಡ್ಡದು ಅಂದರೆ 0.45 ಅನ್ನುತ್ತಾರೆ. ನಲವತ್ತೈದು ಐದಕ್ಕಿಂತ ದೊಡ್ಡದಲ್ಲವೇ! ಈ ತಪ್ಪಿನ ಬೇರು ಬಾಯಲ್ಲಿದೆ. "ಸೊನ್ನೆ ಬಿಂದು ನಲವತ್ತೈದು" ಅಂತ ಓದುವುದನ್ನು ಬಿಡಿಸಿ, "ಸೊನ್ನೆ ಬಿಂದು ನಾಲ್ಕು ಐದು" ಅಂತ ಓದಿಸಿ. ಮನೆಯಲ್ಲಿ ನೀವೂ ಹಾಗೇ ಓದಿ. ಜೊತೆಗೆ ಅಳತೆ ಟೇಪಿನಲ್ಲಿ ತೋರಿಸಿ: 0.5 ಮೀಟರ್ ಅಂದರೆ 50 ಸೆಂ.ಮೀ., 0.45 ಮೀಟರ್ ಅಂದರೆ 45 ಸೆಂ.ಮೀ. ಒಂದು ಮೀಟರ್ ಟೇಪಿನಲ್ಲಿ ಹತ್ತನೇ ಒಂದು, ನೂರನೇ ಒಂದು, ಸಾವಿರದ ಒಂದು ಭಾಗ ಮೂರೂ ಕಣ್ಣಿಗೆ ಕಾಣುತ್ತವೆ.

ಶೇಕಡಾ ಲೆಕ್ಕಕ್ಕೆ ಸೂತ್ರಕ್ಕಿಂತ ಮೊದಲು ಶೇ. 10 ಹುಡುಕುವುದು ಬರಲಿ. 240 ರಲ್ಲಿ ಶೇ. 10 ಅಂದರೆ 24. ಶೇ. 5 ಅದರ ಅರ್ಧ, 12. ಶೇ. 15 ಬೇಕಾದರೆ ಎರಡನ್ನೂ ಸೇರಿಸಿ 36. ಇಷ್ಟು ಬಾಯಲ್ಲೇ ಬಂದರೆ ಉಳಿದದ್ದು ಕಷ್ಟವಾಗುವುದಿಲ್ಲ.

ಹೆಜ್ಜೆ 5: ವಿಜ್ಞಾನದಲ್ಲಿ ಮೊದಲು ಊಹೆ, ಆಮೇಲೆ ಪ್ರಯೋಗ

ಪಠ್ಯಪುಸ್ತಕದ ಪ್ರಯೋಗಗಳನ್ನು ಮನೆಯಲ್ಲಿ ಮಾಡುವಾಗ ಒಂದೇ ನಿಯಮ ಇಟ್ಟುಕೊಳ್ಳಿ. ಏನಾಗುತ್ತದೆ ಅಂತ ಮಗು ಮೊದಲೇ ಬರೆದಿಡಬೇಕು. ಬಾಯಲ್ಲಿ ಹೇಳಿದರೆ ಸಾಲದು, ಆಮೇಲೆ "ನಾನು ಹಾಗೇ ಅಂದುಕೊಂಡಿದ್ದೆ" ಅನ್ನಿಸಿಬಿಡುತ್ತದೆ. ಬರೆದ ಊಹೆ ಸುಳ್ಳಾದಾಗ ಹುಟ್ಟುವ ಕುತೂಹಲವೇ ಬೇರೆ.

ವಿದ್ಯುತ್ ಪಾಠ ಇದಕ್ಕೆ ಹೇಳಿ ಮಾಡಿಸಿದ್ದು. 1.5 ವೋಲ್ಟ್‌ನ ಎರಡು ಸೆಲ್, ಒಂದೇ ಬಗೆಯ ಎರಡು ಚಿಕ್ಕ ಟಾರ್ಚ್ ಬಲ್ಬ್, ಒಂದಷ್ಟು ವೈರ್ ಸಾಕು. ಗೋಡೆಯ ಪ್ಲಗ್‌ನ ಹತ್ತಿರ ಈ ಪ್ರಯೋಗ ಯಾವತ್ತೂ ಹೋಗಬಾರದು. ಅದನ್ನು ಮೊದಲೇ ಖಡಾಖಂಡಿತವಾಗಿ ಹೇಳಿ. ಸೆಲ್‌ನ ಎರಡು ತುದಿಗಳನ್ನು ಬಲ್ಬ್ ಇಲ್ಲದೆ ಬರೀ ವೈರ್‌ನಿಂದ ಸೇರಿಸುವುದೂ ಬೇಡ, ವೈರ್ ಮತ್ತು ಸೆಲ್ ಬಿಸಿಯಾಗುತ್ತವೆ.

ಮೊದಲು ಒಂದು ಸೆಲ್, ಒಂದು ಬಲ್ಬ್, ಒಂದು ವೈರ್ ಕೊಟ್ಟು ಉರಿಸು ಅನ್ನಿ. ಹೇಳಿಕೊಡಬೇಡಿ. ಸೆಲ್‌ನ ಒಂದು ತುದಿಗೆ ಬಲ್ಬ್ ತಾಗಿಸಿದರೆ ಸಾಕು ಅಂತ ತುಂಬಾ ಮಕ್ಕಳು ಅಂದುಕೊಂಡಿರುತ್ತಾರೆ. ಹೊರಟ ದಾರಿ ತಿರುಗಿ ಸೆಲ್‌ನ ಇನ್ನೊಂದು ತುದಿಗೆ ಬರಲೇಬೇಕು, ಬಲ್ಬ್‌ಗೂ ಎರಡು ಜಾಗದಲ್ಲಿ ತಾಗಬೇಕು ಅಂತ ತಾವೇ ಕಂಡುಕೊಳ್ಳಲಿ.

ಮುಂದಿನ ಪ್ರಯೋಗ ನನಗೆ ತುಂಬಾ ಇಷ್ಟ. ಎರಡು ಬಲ್ಬ್‌ಗಳನ್ನು ಒಂದರ ಹಿಂದೆ ಒಂದು ಬರುವಂತೆ ಸರಣಿಯಲ್ಲಿ ಜೋಡಿಸುವ ಮೊದಲು ಕೇಳಿ: ಯಾವುದು ಜಾಸ್ತಿ ಉರಿಯುತ್ತದೆ? "ಮೊದಲನೆಯದು, ಅದು ಕರೆಂಟನ್ನು ಬಳಸಿಕೊಂಡು ಉಳಿದದ್ದನ್ನು ಎರಡನೆಯದಕ್ಕೆ ಕಳಿಸುತ್ತದೆ" ಅನ್ನುವ ಉತ್ತರ ಬಹಳ ಸಲ ಬರುತ್ತದೆ. ಜೋಡಿಸಿ ನೋಡಿದರೆ ಎರಡೂ ಒಂದೇ ಸಮ ಮಂದವಾಗಿ ಉರಿಯುತ್ತವೆ. ಅಂದರೆ ಕರೆಂಟು ಮೊದಲ ಬಲ್ಬ್‌ನಲ್ಲಿ ಖರ್ಚಾಗಿಲ್ಲ. ಇಡೀ ಸುತ್ತಿನಲ್ಲಿ ಒಂದೇ ಪ್ರಮಾಣದಲ್ಲಿ ಹರಿಯುತ್ತಿದೆ. ಒಂದು ಬಲ್ಬ್ ಬಿಚ್ಚಿದರೆ ಇನ್ನೊಂದೂ ಆರುತ್ತದೆ. ಈಗ ಅದೇ ಬಲ್ಬ್‌ಗಳನ್ನು ಸಮಾಂತರವಾಗಿ, ಪ್ರತಿಯೊಂದಕ್ಕೂ ತನ್ನದೇ ದಾರಿ ಇರುವಂತೆ ಜೋಡಿಸಿ. ಎರಡೂ ಮೊದಲಿಗಿಂತ ಪ್ರಕಾಶವಾಗಿ ಉರಿಯುತ್ತವೆ, ಒಂದನ್ನು ತೆಗೆದರೂ ಇನ್ನೊಂದು ಉರಿಯುತ್ತಲೇ ಇರುತ್ತದೆ. ಮನೆಯ ದೀಪಗಳು ಯಾವ ಬಗೆಯ ಜೋಡಣೆ ಅಂತ ಕೇಳಿ ಸುಮ್ಮನಿರಿ. ಉತ್ತರ ಮಗುವೇ ಹುಡುಕುತ್ತದೆ.

ಸಮಯ ಇದ್ದರೆ ವೈರ್‌ನ ನಡುವೆ ನಾಣ್ಯ, ರಬ್ಬರ್, ಪ್ಲಾಸ್ಟಿಕ್ ಸ್ಕೇಲ್ ಇಟ್ಟು ಯಾವುದರಲ್ಲಿ ಕರೆಂಟು ಹರಿಯುತ್ತದೆ ನೋಡಿ. ಎರಡೂ ತುದಿ ಚೂಪು ಮಾಡಿದ ಪೆನ್ಸಿಲ್ಲನ್ನೂ ಇಡಿ. ಅದರ ಕಡ್ಡಿ ಲೋಹವಲ್ಲ, ಗ್ರಾಫೈಟ್. ಆದರೂ ವಿದ್ಯುತ್ತು ಅದರಲ್ಲಿ ಹರಿಯುತ್ತದೆ. ಉದ್ದ ಪೆನ್ಸಿಲ್ ಆದರೆ ಬಲ್ಬ್ ತೀರಾ ಮಂದವಾಗಬಹುದು ಅಥವಾ ಉರಿಯದೇ ಇರಬಹುದು. ಗಿಡ್ಡದನ್ನು ಆರಿಸಿ.

ಸೌರವ್ಯೂಹದ ಪಾಠದಲ್ಲಿ ತೊಂದರೆ ಇರುವುದು ಚಿತ್ರದಲ್ಲೇ. ಪುಸ್ತಕದ ಪುಟದಲ್ಲಿ ಎಂಟು ಗ್ರಹಗಳೂ ಅಕ್ಕಪಕ್ಕ ಕೂತಿರುತ್ತವೆ. ನಿಜವಾದ ದೂರ ತಿಳಿಯಬೇಕಾದರೆ ಬಯಲಿಗೆ ಹೋಗಬೇಕು. 1 ಸೆಂ.ಮೀ. ಅಂದರೆ 1 ಲಕ್ಷ ಕಿ.ಮೀ. ಅಂತ ಇಟ್ಟುಕೊಳ್ಳಿ. ಲೆಕ್ಕ ಮಗುವೇ ಮಾಡಲಿ, ಬರೀ ಸೊನ್ನೆ ಹೊಡೆಯುವ ಕೆಲಸ. ಸೂರ್ಯನ ಅಡ್ಡಳತೆ ಸುಮಾರು 14 ಲಕ್ಷ ಕಿ.ಮೀ., ಅಂದರೆ 14 ಸೆಂ.ಮೀ. ಅಗಲದ ಒಂದು ಚೆಂಡು. ಭೂಮಿ 12,700 ಕಿ.ಮೀ. ಚಿಲ್ಲರೆ, ಅಂದರೆ 1 ಮಿ.ಮೀ.ಗಿಂತ ಸ್ವಲ್ಪ ದೊಡ್ಡ ಒಂದು ಚುಕ್ಕೆ. ಈ ಚುಕ್ಕೆಯನ್ನು ಚೆಂಡಿನಿಂದ 15 ಮೀಟರ್ ದೂರದಲ್ಲಿ ಇಡಬೇಕು, ಯಾಕೆಂದರೆ ನಿಜವಾದ ದೂರ ಸುಮಾರು 15 ಕೋಟಿ ಕಿ.ಮೀ. ಚಂದ್ರ ಭೂಮಿಯಿಂದ 4 ಸೆಂ.ಮೀ.ಗೂ ಕಡಿಮೆ ದೂರದಲ್ಲಿ. ಗುರು ಸೂರ್ಯನಿಂದ ಸುಮಾರು 78 ಮೀಟರ್ ಆಚೆ. ನೆಪ್ಚೂನ್ ಸುಮಾರು 450 ಮೀಟರ್ ಆಚೆ, ಅಷ್ಟು ದೊಡ್ಡ ಬಯಲು ಸಿಗದಿದ್ದರೆ ರಸ್ತೆಯ ಉದ್ದಕ್ಕೂ ನಡೆದು ಅಂದಾಜು ಮಾಡಿ.

ಇನ್ನೊಂದು ಲೆಕ್ಕವೂ ಇದರಲ್ಲೇ ಅಡಗಿದೆ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಹೋಗುತ್ತದೆ. ನಮ್ಮ ಬಯಲಿನಲ್ಲಿ ಅದು ಸೆಕೆಂಡಿಗೆ ಬರೀ 3 ಸೆಂ.ಮೀ.! 15 ಮೀಟರ್ ದಾಟಲು 500 ಸೆಕೆಂಡು, ಅಂದರೆ 8 ನಿಮಿಷ 20 ಸೆಕೆಂಡು. ಸೂರ್ಯನ ಬೆಳಕು ಭೂಮಿಗೆ ಬರಲು ಹಿಡಿಯುವ ಸಮಯ ಅದೇ. ಪುಸ್ತಕದಲ್ಲಿ ಬಾಯಿಪಾಠ ಮಾಡಿದ "ಎಂಟು ನಿಮಿಷ" ಎಲ್ಲಿಂದ ಬಂತು ಅಂತ ಮಗುವೇ ಲೆಕ್ಕ ಹಾಕಿದಂತಾಯಿತು.

ಋತುಗಳ ವಿಷಯವನ್ನೂ ಇಲ್ಲೇ ಕೇಳಿಬಿಡಿ. "ಬೇಸಿಗೆ ಯಾಕೆ ಬರುತ್ತದೆ?" "ಭೂಮಿ ಸೂರ್ಯನಿಗೆ ಹತ್ತಿರ ಬರುತ್ತದೆ, ಅದಕ್ಕೆ" ಅಂತ ದೊಡ್ಡವರೂ ಹೇಳುವುದುಂಟು. ಆದರೆ ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿ.ಮೀ. ಅತಿ ದೂರ ಇರುವುದು ಜುಲೈನಲ್ಲಿ, ಸುಮಾರು 15.2 ಕೋಟಿ ಕಿ.ಮೀ. ಉತ್ತರಾರ್ಧ ಗೋಳದಲ್ಲಿ ಜನವರಿ ಚಳಿಗಾಲ! ನಿಜವಾದ ಕಾರಣ ಭೂಮಿಯ ಅಕ್ಷ ಸುಮಾರು 23.5 ಡಿಗ್ರಿ ವಾಲಿರುವುದು. ಸೂರ್ಯನ ಕಡೆ ವಾಲಿದ ಅರ್ಧಕ್ಕೆ ಬಿಸಿಲು ಹೆಚ್ಚು ನೇರವಾಗಿ ಬೀಳುತ್ತದೆ, ಇನ್ನೊಂದು ಅರ್ಧಕ್ಕೆ ಓರೆಯಾಗಿ. ಟಾರ್ಚ್ ಬೆಳಕನ್ನು ಕಾಗದದ ಮೇಲೆ ನೇರವಾಗಿ ಬಿಟ್ಟು, ಆಮೇಲೆ ಓರೆಯಾಗಿ ಬಿಟ್ಟು ತೋರಿಸಿ. ಓರೆಯಾದಾಗ ಅದೇ ಬೆಳಕು ಜಾಸ್ತಿ ಜಾಗಕ್ಕೆ ಹರಡಿ ತೆಳುವಾಗುತ್ತದೆ.

ಪ್ಲೂಟೊ ಎಲ್ಲಿ ಹೋಯಿತು ಅಂತ ನೀವೇ ಕೇಳುವಿರಾದರೆ, 2006 ರಲ್ಲಿ ಅದನ್ನು ಕುಬ್ಜ ಗ್ರಹಗಳ ಗುಂಪಿಗೆ ಸೇರಿಸಿದರು. ಈಗಿನ ಮಕ್ಕಳು ಎಂಟೇ ಗ್ರಹ ಅಂತ ಕಲಿಯುವುದು ಸರಿಯಾಗಿಯೇ ಇದೆ.

ಹೆಜ್ಜೆ 6: ಇತಿಹಾಸ ಮತ್ತು ಭೂಗೋಳ

ಇಲ್ಲಿ ಎರಡೇ ಕೆಲಸ. ಒಂದು, ಕಾಲದ ಗೆರೆ. ಉದ್ದ ಕಾಗದದ ಮೇಲೆ 1 ಸೆಂ.ಮೀ.ಗೆ 100 ವರ್ಷ ಅಂತ ಗುರುತು ಹಾಕಿ, ಪಾಠದಲ್ಲಿ ಬರುವ ಪ್ರತಿ ಇಸವಿಯನ್ನೂ ಅದರ ಜಾಗದಲ್ಲಿ ಬರೆಸಿ. ಕ್ರಿ.ಪೂ. 300 ಮೊದಲೋ ಕ್ರಿ.ಪೂ. 200 ಮೊದಲೋ ಅನ್ನುವ ಗೊಂದಲ ಗೆರೆಯ ಮೇಲೆ ತಾನಾಗಿ ಬಿಡುತ್ತದೆ. 1850 ಹದಿನೆಂಟನೇ ಶತಮಾನ ಅಂತ ಬರೆಯುವ ಮಕ್ಕಳಿಗೆ ಮೊದಲ ಶತಮಾನ ಅಂದರೆ 1 ರಿಂದ 100 ಅಂತ ತೋರಿಸಿ. ಅಲ್ಲಿಂದ ಎಣಿಸಿದರೆ 1850 ಹತ್ತೊಂಬತ್ತನೆಯದು ಅಂತ ಗೊತ್ತಾಗುತ್ತದೆ.

ಎರಡು, ನಕ್ಷೆ. ಯಾವ ಊರಿನ ಹೆಸರು ಬಂದರೂ ನಕ್ಷೆಯಲ್ಲಿ ಬೆರಳಿಡದೆ ಮುಂದೆ ಹೋಗಬಾರದು. ರೇಖಾಂಶದ ಪಾಠ ಇದ್ದರೆ 360 ಡಿಗ್ರಿಯನ್ನು 24 ಗಂಟೆಯಿಂದ ಭಾಗಿಸಲಿ. ಗಂಟೆಗೆ 15 ಡಿಗ್ರಿ. ದೇಶ ದೇಶಕ್ಕೆ ಸಮಯ ಯಾಕೆ ಬೇರೆ ಅನ್ನುವುದಕ್ಕೆ ಇದೇ ಆಧಾರ.

ಹೆಜ್ಜೆ 7: ಓದು ಮತ್ತು ಬರಹ

ಈ ತರಗತಿಗಳಲ್ಲಿ ಮಗು ಸರಾಗವಾಗಿ ಗಟ್ಟಿಯಾಗಿ ಓದಿದರೆ ಅರ್ಥವಾಗಿದೆ ಅಂತ ತಿಳಿಯಬೇಡಿ. ಓದುವುದು ಬೇರೆ, ತಿಳಿಯುವುದು ಬೇರೆ. ಒಂದು ಪುಟ ಓದಿದ ಮೇಲೆ ಪುಸ್ತಕ ಮುಚ್ಚಿಸಿ ಮೂರು ವಾಕ್ಯದಲ್ಲಿ ಹೇಳಿಸಿ. ಆಮೇಲೆ ಪುಟದಲ್ಲಿ ನೇರವಾಗಿ ಬರೆದಿರದ ಒಂದು ವಿಷಯ ಕೇಳಿ: "ಅವನಿಗೆ ಕೋಪ ಬಂದಿತ್ತು ಅಂತ ಎಲ್ಲಿಯೂ ಬರೆದಿಲ್ಲ, ನಿನಗೆ ಹೇಗೆ ಗೊತ್ತಾಯ್ತು?" ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಲಿ.

ಬರಹದಲ್ಲಿ ಎಲ್ಲ ತಪ್ಪನ್ನೂ ಒಂದೇ ಸಲ ಕೆಂಪು ಮಾಡಬೇಡಿ. ಈ ವಾರ ಒತ್ತಕ್ಷರ ಮಾತ್ರ, ಮುಂದಿನ ವಾರ ವಾಕ್ಯ ಎಲ್ಲಿ ನಿಲ್ಲಬೇಕು ಅನ್ನುವುದು ಮಾತ್ರ. ಬರೆದದ್ದನ್ನು ಮಗುವೇ ಗಟ್ಟಿಯಾಗಿ ಓದಲಿ. ತನ್ನ ಕಿವಿಗೆ ತಡೆದ ಕಡೆ ತಾನೇ ತಿದ್ದುತ್ತದೆ. ಒಂದು ಪ್ಯಾರಾದಲ್ಲಿ ಒಂದೇ ವಿಷಯ ಇದೆಯಾ ಅಂತ ನೋಡಲು, ಆ ಪ್ಯಾರಾಗೆ ಒಂದು ಶೀರ್ಷಿಕೆ ಕೊಡು ಅನ್ನಿ. ಶೀರ್ಷಿಕೆ ಹೊಳೆಯದಿದ್ದರೆ ಪ್ಯಾರಾದಲ್ಲಿ ಎರಡು ವಿಷಯ ಸೇರಿಕೊಂಡಿವೆ ಅಂತ ಅರ್ಥ.

ಹೆಜ್ಜೆ 8: ಮರೆಯುವ ಮೊದಲು ನೆನಪಿಸಿಕೊಳ್ಳಲಿ

ಹೆಚ್ಚಿನ ಮಕ್ಕಳು ಓದುವುದೆಂದರೆ ನೋಟ್ಸನ್ನು ಮತ್ತೆ ಮತ್ತೆ ಓದುವುದು. ಓದಿದಾಗ ಎಲ್ಲ ಗೊತ್ತಿದೆ ಅನ್ನಿಸುತ್ತದೆ. ಆದರೆ ಗುರುತು ಹಿಡಿಯುವುದಕ್ಕೂ ನೆನಪಿನಿಂದ ತೆಗೆಯುವುದಕ್ಕೂ ವ್ಯತ್ಯಾಸ ಇದೆ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಅನ್ನುವ ಮನೋವಿಜ್ಞಾನಿಗಳು 2006 ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗ ಇದನ್ನೇ ತೋರಿಸಿತು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ, ಓದಿ ಮುಚ್ಚಿಟ್ಟು ನೆನಪಿಸಿಕೊಂಡು ಬರೆದವರು ಮುಂದಿದ್ದರು.

ಮನೆಯಲ್ಲಿ ಹೀಗೆ ಮಾಡಿ. ಪಾಠ ಮುಗಿದ ಮರುದಿನ ಖಾಲಿ ಹಾಳೆಯ ಮೇಲೆ ನೆನಪಿದ್ದಷ್ಟು ಬರೆಯಲಿ, ಹತ್ತು ನಿಮಿಷ ಸಾಕು. ಪುಸ್ತಕ ತೆಗೆದು ಬಿಟ್ಟುಹೋದದ್ದನ್ನು ಬೇರೆ ಬಣ್ಣದಲ್ಲಿ ಸೇರಿಸಲಿ. ಒಂದು ವಾರದ ನಂತರ, ಆಮೇಲೆ ಒಂದು ತಿಂಗಳ ನಂತರ ಇನ್ನೊಂದು ಹಾಳೆ. ಮೊದಲ ಹೆಜ್ಜೆಯಲ್ಲಿ ಬರೆದ ದಿನಾಂಕಗಳು ಉಪಯೋಗಕ್ಕೆ ಬರುವುದು ಇಲ್ಲಿ. ಆ ಹಾಳೆಗೆ ಮಾರ್ಕ್ಸ್ ಹಾಕಬೇಡಿ. ಎರಡನೇ ಬಣ್ಣ ಕಡಿಮೆಯಾಗುತ್ತಾ ಹೋಗುವುದನ್ನು ಮಗು ನೋಡಿದರೆ ಸಾಕು.

ಗಣಿತದಲ್ಲಿ ಇದಕ್ಕಿಂತ ಸ್ವಲ್ಪ ಬೇರೆ. ಒಂದೇ ಬಗೆಯ ಇಪ್ಪತ್ತು ಲೆಕ್ಕ ಕೊಡುವ ಬದಲು ಕೂಡುವುದು, ಗುಣಿಸುವುದು, ಹೋಲಿಸುವುದು ಎಲ್ಲ ಬೆರೆಸಿ ಎಂಟು ಲೆಕ್ಕ ಕೊಡಿ. ಯಾವ ಲೆಕ್ಕಕ್ಕೆ ಯಾವ ದಾರಿ ಅಂತ ಆರಿಸುವುದನ್ನೂ ಕಲಿಯಬೇಕಲ್ಲ. ಪರೀಕ್ಷೆಯಲ್ಲಿ ಲೆಕ್ಕದ ಮೇಲೆ ಪಾಠದ ಹೆಸರು ಬರೆದಿರುವುದಿಲ್ಲ.

ಹೆಜ್ಜೆ 9: ಟೆಸ್ಟ್ ಪೇಪರ್ ಬಂದ ದಿನ

ಮಾರ್ಕ್ಸ್ ಎಷ್ಟು ಅಂತ ನೋಡುವುದು ಅರ್ಧ ನಿಮಿಷದ ಕೆಲಸ. ಪೇಪರನ್ನು ಪಕ್ಕಕ್ಕಿಟ್ಟು ಮರುದಿನ ತೆಗೆಯಿರಿ. ತಪ್ಪಾದ ಪ್ರತಿ ಉತ್ತರದ ಪಕ್ಕ ಮಗುವೇ ಕಾರಣ ಬರೆಯಲಿ: ಪ್ರಶ್ನೆ ತಪ್ಪಾಗಿ ಓದಿದ್ದು, ಲೆಕ್ಕದಲ್ಲಿ ಕೈತಪ್ಪಿದ್ದು, ಗೊತ್ತಿದ್ದು ಮರೆತದ್ದು, ಮೊದಲಿನಿಂದಲೂ ಅರ್ಥವಾಗದೇ ಇದ್ದದ್ದು, ಸಮಯ ಸಾಲದ್ದು. ಇವು ಐದೂ ಬೇರೆ ಬೇರೆ, ಪರಿಹಾರವೂ ಬೇರೆ. ಪ್ರಶ್ನೆ ತಪ್ಪಾಗಿ ಓದುವ ಮಗುವಿಗೆ ಇನ್ನೂ ಐವತ್ತು ಲೆಕ್ಕ ಮಾಡಿಸಿದರೆ ಏನೂ ಬದಲಾಗುವುದಿಲ್ಲ. ಪ್ರಶ್ನೆಯಲ್ಲಿ ಕೇಳಿರುವುದಕ್ಕೆ ಅಡಿಗೆರೆ ಹಾಕುವ ಅಭ್ಯಾಸ ಸಾಕು. ಅರ್ಥವೇ ಆಗದ ಮಗುವಿಗೆ ಅಡಿಗೆರೆಯಿಂದ ಉಪಯೋಗವಿಲ್ಲ. ಅದನ್ನು ಕಾಗದದ ಪಟ್ಟಿಗೆ ವಾಪಸ್ ಕರೆದುಕೊಂಡು ಹೋಗಬೇಕು.

ಹೆಜ್ಜೆ 10: ಟೀಚರ್ ಜೊತೆ ಮಾತು

"ನಮ್ಮ ಮಗು ಹೇಗೆ ಓದುತ್ತಿದೆ?" ಅಂತ ಕೇಳಿದರೆ "ಇನ್ನೂ ಸ್ವಲ್ಪ ಗಮನ ಕೊಡಬೇಕು" ಅನ್ನುವ ಉತ್ತರ ಬರುತ್ತದೆ. ಅದರಿಂದ ಇಬ್ಬರಿಗೂ ಏನೂ ಸಿಗುವುದಿಲ್ಲ. ನೀವು ಕಂಡದ್ದನ್ನು ಹೇಳಿ ಪ್ರಶ್ನೆ ಕೇಳಿ. "ಛೇದ ಒಂದೇ ಇರುವ ಭಿನ್ನರಾಶಿ ಚೆನ್ನಾಗಿ ಕೂಡುತ್ತಾಳೆ, ಬೇರೆ ಬೇರೆ ಇದ್ದಾಗ ಗೊಂದಲ. ತರಗತಿಯಲ್ಲೂ ಹೀಗೇನಾ?" ಅನ್ನಿ. "ಈ ಟರ್ಮ್‌ನ ಯಾವ ಪಾಠ ಮುಂದಿನ ಟರ್ಮ್‌ಗೆ ಬೇಕೇ ಬೇಕು?" ಅಂತಲೂ ಕೇಳಿ. ತರಗತಿಯಲ್ಲಿ ಯಾವ ವಿಧಾನದಲ್ಲಿ ಲೆಕ್ಕ ಮಾಡಿಸುತ್ತಾರೆ ಅಂತ ತಿಳಿದುಕೊಳ್ಳಿ. ನೀವು ಶಾಲೆಯಲ್ಲಿ ಕಲಿತ ಭಾಗಾಕಾರದ ವಿಧಾನಕ್ಕೂ ಈಗಿನದಕ್ಕೂ ವ್ಯತ್ಯಾಸ ಇರಬಹುದು. ಮಗು ಒಂದನ್ನು ಗಟ್ಟಿಯಾಗಿ ಕಲಿಯುವವರೆಗೆ ನಿಮ್ಮ ವಿಧಾನವನ್ನು ಪಕ್ಕಕ್ಕಿಡುವುದು ಒಳ್ಳೆಯದು.

ಇನ್ನು ಕೆಲವು ಲಕ್ಷಣಗಳನ್ನು ಪಾಠದ ತೊಂದರೆ ಅಂತ ತಿಳಿದು ಸುಮ್ನೆ ಬಿಡಬಾರದು. ಬೋರ್ಡಿನಿಂದ ನೋಟ್ಸ್ ಬರೆಯುವಾಗ ಪದಗಳು ಬಿಟ್ಟುಹೋಗುವುದು, ಕಣ್ಣು ಕಿರಿದು ಮಾಡಿ ನೋಡುವುದು, ಓದಿದ ಮೇಲೆ ತಲೆನೋವು ಅನ್ನುವುದು ಕಂಡರೆ ಕಣ್ಣಿನ ಪರೀಕ್ಷೆ ಮಾಡಿಸಿ. ಕರೆದಾಗ ಆಗಾಗ ಕೇಳಿಸದೇ ಇದ್ದರೆ ಕಿವಿಯ ಪರೀಕ್ಷೆ. ಬಾಯಲ್ಲಿ ಚೆನ್ನಾಗಿ ಉತ್ತರ ಹೇಳುವ ಮಗು ಓದುವಾಗ ಮಾತ್ರ ಅಕ್ಷರ ಅಕ್ಷರಕ್ಕೂ ತಿಣುಕುತ್ತಿದ್ದರೆ, ಅಥವಾ ಇಷ್ಟು ದಿನ ಅಭ್ಯಾಸ ಮಾಡಿಸಿದರೂ ಚಿಕ್ಕ ಸಂಖ್ಯೆಗಳನ್ನು ಹೋಲಿಸಲು ಒದ್ದಾಡುತ್ತಿದ್ದರೆ, ಕಲಿಕೆಯ ತೊಂದರೆ ಬಲ್ಲ ತಜ್ಞರ ಹತ್ತಿರ ತೋರಿಸುವುದರ ಬಗ್ಗೆ ಟೀಚರ್ ಜೊತೆ ಈ ಟರ್ಮ್‌ನಲ್ಲೇ ಮಾತಾಡಿ. ಮುಂದಿನ ವರ್ಷ ನೋಡೋಣ ಅಂತ ಮುಂದೂಡಬೇಡಿ.